ನಾಲ್ಕನೇ ಕೋಣೆಯ ಸ್ಯಾನಿಟೈಸರ್

ಗುರ್ರ್ ಎಂದು ಯಂತ್ರ ಮತ್ತೆ ಸದ್ದು ಮಾಡಿತು. ಔಷಧಿಯ ತಟ್ಟೆ ಹಿಡಿದು ಬರುತ್ತಿದ್ದ ವಾರ್ಡಿನ ಸಿಸ್ಟರ್ ಅಲ್ಲೇ ನಿಂತಳು. ನಾಲ್ಕನೇ ಕೋಣೆಯ ಬಾಗಿಲ ಪಕ್ಕ ಗೋಡೆಗೆ ಹಾಕಿದ್ದ ಸ್ಯಾನಿಟೈಸರ್ ಯಂತ್ರ ಅದು; ಕೆಳಗೆ ಕೈ ಒಡ್ಡಿದರೆ ಮಾತ್ರ ಒಂದಿಷ್ಟು ಸುರಿಯಬೇಕು. ಈಗ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಸುರಿದದ್ದು ನೆಲದ ಮೇಲೆ ಬಿದ್ದಿತ್ತು.

ಬಿಸಿಲು ಬಿದ್ದರೂ ಅದಕ್ಕೆ ಕೈ ಬಂದ ಹಾಗೆ ಅನ್ನಿಸುತ್ತದೆ ಎಂದು ರಿಪೇರಿಯವನು ಹೇಳಿ ಹೋಗಿದ್ದ. ಆ ಕೋಣೆಯಲ್ಲಿ ತೀರಿಕೊಂಡ ಬಡಗಿ ಅಜ್ಜ ಇನ್ನೂ ಕೈ ಒಡ್ಡುತ್ತಾನೆ ಎಂದು ಆಯಾ ತಮಾಷೆ ಮಾಡುತ್ತಿದ್ದಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಎಲ್ಲರೂ ನಕ್ಕಾಗ ಸಿಸ್ಟರ್ ಕೂಡ ನಗಬೇಕಾಗುತ್ತಿತ್ತು.

ಅಜ್ಜ ತೊಡೆಯ ಮೂಳೆ ಮುರಿದುಕೊಂಡು ಬಂದಿದ್ದ. ಮೂಳೆ ಕೂಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಐದನೇ ಕೋಣೆಯ ರೋಗಿಗೆ ಭೇದಿ ಹಿಡಿಯಿತು. ಇದರ ಕ್ರಿಮಿ ಚಿಪ್ಪಿನೊಳಗೆ ಅವಿತಿರುತ್ತದೆ, ಸ್ಯಾನಿಟೈಸರಿಗೆ ಜಗ್ಗುವುದಿಲ್ಲ, ಸೋಪು ಹಚ್ಚಿ ಕೈ ತೊಳೆದೇ ಮುಂದಿನ ಕೋಣೆಗೆ ಹೋಗಿ ಎಂದು ಡಾಕ್ಟರು ಎಲ್ಲರಿಗೂ ಹೇಳಿದ್ದರು. ನಲ್ಲಿ ಇದ್ದದ್ದು ಕಾರಿಡಾರಿನ ಆ ತುದಿಯಲ್ಲಿ. ಅಂದು ಇಬ್ಬರ ಕೆಲಸ ಅವಳೊಬ್ಬಳ ತಲೆಗೆ ಬಿದ್ದಿತ್ತು. ಐದರಿಂದ ಹೊರಬಂದವಳೇ ಗುರ್ರ್ ಎನ್ನಿಸಿ, ಕೈ ಉಜ್ಜಿಕೊಂಡು, ನೇರ ಹೋಗಿ ಅಜ್ಜನ ಬಾಯಿಗೆ ಮಾತ್ರೆ ಹಾಕಿದ್ದಳು. ಆಮೇಲೆ ಅಜ್ಜನಿಗೂ ಭೇದಿ ಶುರುವಾಯಿತು, ಅದರಲ್ಲೇ ಹೋದ. ವಯಸ್ಸಾಗಿತ್ತು ಬಿಡಿ ಎಂದರು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಆ ಸದ್ದು ಕೈ ತೊಳೆದುಕೊಂಡು ಅವಳ ಬೆನ್ನಿಗೆ ಬಿದ್ದಿತ್ತು.

ಯಂತ್ರ ತಾನಾಗಿಯೇ ಸುರಿದ ಆ ದಿನ ಮಧ್ಯಾಹ್ನ ಅಜ್ಜನ ಹೆಂಡತಿ ಬಂದಳು. ಬೀರುವಿನಲ್ಲಿ ಉಳಿದಿದ್ದ ಗಂಡನ ಕನ್ನಡಕ ಒಯ್ಯುವುದಿತ್ತು. ಕೊಟ್ಟು ತಪ್ಪಿಸಿಕೊಳ್ಳೋಣವೆಂದರೆ ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡು ಕೆನ್ನೆಗೆ ಒತ್ತಿಕೊಂಡಳು.

"ಫೋನಲ್ಲಿ ದಿನಾ ನಿನ್ ಸುದ್ದೀನೇ ಮಗಳೇ. ಪಾಪ, ಆ ಹುಡುಗಿಗೆ ಕೂರೋಕೂ ಪುರುಸೊತ್ತಿಲ್ಲ, ಆದ್ರೂ ನನ್ನ ಮಾತ್ರೆ ಮರೆಯಲ್ಲ ಅಂತಿದ್ರು."

ಸಿಸ್ಟರ್, ಸುಮ್ಮನಿದ್ದುಬಿಟ್ಟರೆ ಇದೂ ಮುಗಿಯುತ್ತದೆ ಎಂದುಕೊಂಡಳು. ಅವಳು ಬೇಡವೆನ್ನುವಷ್ಟರಲ್ಲಿ ಅಜ್ಜಿ ಐದನೇ ಕೋಣೆಗೆ ಹೋಗಿ, ಇನ್ನೂ ಭೇದಿ ನಿಲ್ಲದೆ ಮಲಗಿದ್ದ ಆ ರೋಗಿಯನ್ನು ಮಾತಾಡಿಸಿ, ಅವನ ಕೈ ಸವರಿ ಹೊರಬಂದಳು. ಬಂದವಳು ಯಂತ್ರದ ಕೆಳಗೆ ಕೈ ಒಡ್ಡಿ, ಇಷ್ಟಾದರೆ ಆಯಿತಲ್ಲ ಎಂದು ಕೇಳಿದಳು.

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಸಿಸ್ಟರ್ ಅಜ್ಜಿಯ ಮೊಣಕೈ ಹಿಡಿದು ಕಾರಿಡಾರಿನ ತುದಿಯವರೆಗೆ ನಡೆಸಿಕೊಂಡು ಹೋದಳು. ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಬುಡ ಎಲ್ಲ ತಿಕ್ಕತೊಡಗಿದಳು. ಚಿಕ್ಕ ಮಗುವಿಗೆ ತೊಳೆದ ಹಾಗೆ ತೊಳೀತಿದೀಯಲ್ಲೇ ಎಂದು ಅಜ್ಜಿ ನಕ್ಕಳು.

"ಅದು ಈ ಕಾಯಿಲೆಗೆ ಸಾಲಲ್ಲ ಅಜ್ಜಿ. ಸೋಪು ನೀರೇ ಬೇಕು. ನಂಗೆ ಗೊತ್ತಿತ್ತು. ಅವತ್ತು ಐದನೇ ಕೋಣೆಯಿಂದ ಕೈ ತೊಳೀದೇ ಅಜ್ಜನ ಹತ್ರ ಹೋದೆ."

ಅಜ್ಜಿಯ ನಗು ನಿಂತಿತು. ನೊರೆ ಹತ್ತಿದ ನಾಲ್ಕು ಕೈಗಳ ಮೇಲೆ ನೀರು ಬೀಳುತ್ತಲೇ ಇತ್ತು. ಅಜ್ಜಿ ಕೇಳಿದಳು:

"ನಮ್ ಯಜಮಾನ್ರಿಗೆ ಇದು ಗೊತ್ತಿತ್ತಾ?"

ಇಲ್ಲವೆಂದು ಸಿಸ್ಟರ್ ತಲೆಯಾಡಿಸಿದಳು.

ಅಜ್ಜಿ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡು, ಉಳಿದ ನೊರೆಯನ್ನು ತಾನೇ ತೊಳೆದುಕೊಳ್ಳತೊಡಗಿದಳು.