ಆರನೆಯ ಸ್ಥಾನ

ಅಪ್ಪನ ಎಡಗೈಯನ್ನು ಬಲಗೈಯ ಮೇಲಿನಿಂದ ಮೆಲ್ಲಗೆ ಎತ್ತಿ, ಮಗಳು ಅದರ ಕೆಳಗಿಟ್ಟಳು. ಶವಪೆಟ್ಟಿಗೆಯಲ್ಲಿ ಮಲಗಿಸಿದವರು ತಿಳಿಯದೆ ಹಾಗೆ ಜೋಡಿಸಿದ್ದರು. ಎಡಚ ಬಾಕ್ಸರನ ಬಲಗೈ ಮುಂದಿರಬೇಕು, ಎಡಗೈ ಹಿಂದೆ ಕಾಯಬೇಕು.

ಟೈರ್ ಅಂಗಡಿಯ ಮೇಲಿನ ಬಾಕ್ಸಿಂಗ್ ಕೋಣೆಯಲ್ಲೇ ಪೆಟ್ಟಿಗೆ ಇಟ್ಟಿದ್ದರು. ದಿನವೆಲ್ಲ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಅಪ್ಪ ಸಂಜೆ ಬದುಕುತ್ತಿದ್ದದ್ದು ಇಲ್ಲಿ. ಕಿಟಕಿಯ ಬಳಿ ಅವನ ಗೆಳೆಯರಾದ ಕ್ಷೌರದ ಮಾಮ ಮತ್ತು ಬಸ್ ಡ್ರೈವರ್ ಪಿಸುಗುಡುತ್ತಿದ್ದರು. ವಿಷಯ ಏನೆಂದು ಅವಳಿಗೆ ಗೊತ್ತಿತ್ತು. ಪ್ರಪಂಚದ ಎಡಚ ಬಾಕ್ಸರುಗಳಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಅಪ್ಪನೂ ಸೇರಿ ಮೂವರೂ ಪ್ರತಿ ಭಾನುವಾರ ಗಂಟಲು ಹರಿಯುವಷ್ಟು ಜಗಳವಾಡುತ್ತಿದ್ದರು. ಬದುಕಿರುವವರಿಗೆ ಸ್ಥಾನವಿಲ್ಲ ಎಂಬುದು ಅಪ್ಪನೇ ಮಾಡಿದ ಕಟ್ಟಳೆ. ನಾಳೆ ಸೋತುಬಿಟ್ಟರೆ ಇಂದಿನ ಮಾತು ಏನಾಗಬೇಕು? ಹಾಗಾಗಿ ಅಪ್ಪನ ಸರದಿ ಬಂದದ್ದು ಇವತ್ತು.

"ಮೊದಲನೇ ಸ್ಥಾನ ಕೊಟ್ಬಿಡೋಣ," ಎಂದ ಡ್ರೈವರ್, ಮೂಗೊರೆಸಿಕೊಳ್ಳುತ್ತ.

ಮಗಳು ಅವರತ್ತ ತಿರುಗಿದಳು. "ಬೇಡ ಮಾಮ. ಕನಿಕರಕ್ಕೆ ಕೊಟ್ಟಿದ್ದನ್ನ ಅಪ್ಪ ಯಾವತ್ತಾದ್ರೂ ಮುಟ್ಟಿದ್ರಾ? ನ್ಯಾಯವಾಗಿ ಹೇಳಿ. ಸ್ಥಾನ ಇಲ್ಲ ಅಂದ್ರೆ ಇಲ್ಲ."

*

ಚಿಕ್ಕವಳಿದ್ದಾಗ, ಎಡಗೈಯಲ್ಲಿ ಪೆನ್ಸಿಲ್ ಹಿಡಿದದ್ದಕ್ಕೆ ಅಜ್ಜಿಯಿಂದ ಏಟು ತಿಂದ ಸಂಜೆ, ಅಪ್ಪ ಅವಳನ್ನು ಇದೇ ಕೋಣೆಗೆ ಕರೆತಂದು ಮರಳಿನ ಚೀಲದ ಮುಂದೆ ನಿಲ್ಲಿಸಿದ್ದ. ಬಲಗಾಲು ಮುಂದೆ.

"ಬಲಗೈ ಬಾಗಿಲು ತಟ್ಟುತ್ತಾ ಇರ್ಲಿ ಪುಟ್ಟಿ. ಅವರು ಬಾಗಿಲು ತೆಗೆದ ಕ್ಷಣ ಎಡಗೈ ಒಳಗೆ ಹೋಗ್ಬೇಕು."

ಮನೆಗೆ ಹೋಗಿ ಅಪ್ಪ ಅಜ್ಜಿಗೆ ಹೇಳಿದ್ದೂ ಅಷ್ಟೇ ಚಿಕ್ಕ ಮಾತು: "ಅಮ್ಮಾ, ಈ ಮನೇಲಿ ಒಲೆ ಉರೀತಿರೋದು ನನ್ನ ಎಡಗೈಯಿಂದಾನೇ." ಅಜ್ಜಿ ಮತ್ತೆ ಅವಳ ಪೆನ್ಸಿಲ್ ತಂಟೆಗೆ ಬರಲಿಲ್ಲ.

*

ಹರೆಯದಲ್ಲಿ, ಊರಿನ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಅಪ್ಪನ ಒಂದೇ ಹೊಡೆತಕ್ಕೆ ಉರುಳಿದವನು ಕ್ಷೌರದ ಮಾಮ. ನೆಲ ಒದ್ದೆಯಾಗಿತ್ತು, ಕಾಲು ಜಾರಿತು ಎಂದು ಅಂದಿನಿಂದಲೂ ಸಾಧಿಸುತ್ತ ಬಂದಿದ್ದ. ಈಗ ಪೆಟ್ಟಿಗೆಯ ಪಕ್ಕ ಬಂದು ನಿಂತು ದವಡೆ ಸವರಿಕೊಂಡ.

"ನೆಲ ಒಣಗಿತ್ತು ಮಗಳೇ."

ಡ್ರೈವರ್ ಕಿಟಕಿ ಬಿಟ್ಟು ಹತ್ತಿರ ಬಂದ.

"ಮೊದಲ ಐದು ಜನರನ್ನ ಮುಟ್ಟೋ ಹಾಗಿಲ್ಲ, ಅದು ನಿಮ್ಮಪ್ಪನೂ ಒಪ್ಪಿದ್ದೇ," ಎಂದ ಮಾಮ. "ಪಟ್ಟಿಯಲ್ಲಿ ಆರನೆಯವನು ತೀರಿಹೋದ ಆ ಬೋಳುತಲೆ ಚಾಂಪಿಯನ್. ಅವನ ಎಡಗೈ ಬರೋದು ಟೀವಿಯಲ್ಲೇ ನನಗೆ ಕಾಣ್ತಿತ್ತು. ಇವನದ್ದು ಎದುರಿಗೇ ನಿಂತಿದ್ರೂ ಕಾಣ್ಲಿಲ್ಲ. ಆರನೇ ಸ್ಥಾನ ಇವನಿಗೆ. ಬೋಳುತಲೆ ಒಂದು ಮೆಟ್ಟಿಲು ಇಳೀಲಿ."

"ಅವನು ವಿಶ್ವ ಚಾಂಪಿಯನ್ ಕಣೋ," ಎಂದ ಡ್ರೈವರ್.

"ಆದ್ರೇನು? ಏಟು ತಿಂದವನು ನಾನು."

ಬೆಳಗಿನಿಂದ ಅಳು ಬಿಗಿಹಿಡಿದಿದ್ದ ಮಗಳು ನಕ್ಕಳು, ನಗುತ್ತಲೇ ಅತ್ತಳು.

ಹೊರಡುವ ಹೊತ್ತಾಯಿತು. ಮಗಳು ಪೆಟ್ಟಿಗೆಯ ಮುಂದಿನ ಮೂಲೆಗೆ ಎಡಭುಜ ಕೊಟ್ಟಳು. ಮೆಟ್ಟಿಲ ತುದಿಯಲ್ಲಿ ನಿಂತು, "ಬಲಗಾಲು ಮುಂದೆ," ಎಂದಳು. ಅವಳೊಡನೆ ಹೆಗಲು ಕೊಟ್ಟ, ಜೀವಮಾನವಿಡೀ ಎಡಗಾಲು ಮುಂದಿಟ್ಟು ಬಾಕ್ಸಿಂಗ್ ಆಡಿದ ಗಂಡಸರು ತಡವರಿಸಿ, ಒಬ್ಬರ ಕಾಲು ಒಬ್ಬರು ತುಳಿದು, ಅಂತೂ ಹೆಜ್ಜೆ ಬದಲಿಸಿದರು. ಪೆಟ್ಟಿಗೆ ಒಮ್ಮೆ ಓಲಾಡಿ ನೆಟ್ಟಗಾಯಿತು. ಕೆಳಗೆ ಟೈರ್ ಅಂಗಡಿಯವರು ಸುತ್ತಿಗೆ ಕೆಳಗಿಟ್ಟು ಎದ್ದು ನಿಂತರು.

"ಆರನೆಯವರು ಬರ್ತಿದ್ದಾರೆ, ದಾರಿ ಬಿಡಿ," ಎಂದು ಡ್ರೈವರ್ ಬೀದಿಗೆಲ್ಲ ಕೇಳುವಂತೆ ಕೂಗಿದ.

ಬಲಗಾಲುಗಳೆಲ್ಲ ಒಟ್ಟಿಗೆ ಮೊದಲ ಮೆಟ್ಟಿಲಿಗೆ ಇಳಿದವು.