ಮೊದಲ ಮಾತು

"ಪ್ರತಿ ಭಾನುವಾರ," ಎಂದು ಹೇಳಿ ಅವನು ಬಾಯಿ ಮುಚ್ಚಿಕೊಂಡ. ಮಗಳನ್ನು ವಾರಕ್ಕೊಂದು ದಿನ ತನ್ನ ಜೊತೆ ಕರೆದೊಯ್ಯಬೇಕು, ಅಷ್ಟೇ. ಅದಕ್ಕಿಂತ ಹೆಚ್ಚೂ ಬೇಡ, ಕಮ್ಮಿಯಾದರೆ ಬದುಕುವುದು ಕಷ್ಟ.

ಹೆಂಡತಿ ತನ್ನ ಅಣ್ಣನ ಮುಖ ನೋಡಿದಳು. ಅವಳು ಮಗಳೊಂದಿಗೆ ಅಣ್ಣನ ಈ ಮನೆ ಸೇರಿದ ಮೇಲೆ ಕೂಡಿ ಬಾಳುವ ಮಾತು ಮುಗಿದೇ ಹೋಗಿತ್ತು. ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಮಗುವಿನದೊಂದನ್ನು ತಾವೇ ಕೂತು ತೀರ್ಮಾನಿಸೋಣ ಎಂದು ಅಣ್ಣನೇ ಕರೆಸಿದ್ದ.

ಗಂಡನದು ಹಳೇ ಮೇಜು, ಕುರ್ಚಿ, ಮಂಚಗಳ ಅಂಗಡಿ. ಅಲ್ಲಿ ಅವನ ಮೊದಲ ಮಾತು ಎಂದೂ ನಿಜವಾಗಿದ್ದಿಲ್ಲ. ಬೇಕಾದ್ದಕ್ಕೆ ಎರಡರಷ್ಟು ಹೇಳಿ, ಗಿರಾಕಿ ಎಳೆದಂತೆಲ್ಲ ಇಳಿದು, ಅರ್ಧಕ್ಕೆ ಬಂದು ನಿಂತು, ಮನೆ ಮುಳುಗಿದವನ ಮುಖ ಮಾಡಿಕೊಂಡು ಕೊಡುವವನು. ಇವತ್ತೂ ಹಾಗೇ ಮಾಡು, ಜಾಸ್ತಿ ಕೇಳಿ ಆಮೇಲೆ ಇಳಿ ಎಂದು ಅವನ ಅಕ್ಕ ಬುದ್ಧಿ ಹೇಳಿ ಕಳಿಸಿದ್ದಳು. ಅವನಿಗೆ ಮೈ ಉರಿದಿತ್ತು. ಮಗಳೇನು ಮಂಚವೇ? ಒಂದು ಸಲವಾದರೂ ಇದ್ದದ್ದನ್ನು ಇದ್ದಂತೆ ಕೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದಿದ್ದ.

ಆದರೆ ಮದುವೆಯಾದಾಗಿನಿಂದ ಆ ಅಂಗಡಿಯ ಗಲ್ಲಾದಲ್ಲಿ ಕೂತವಳು ಅವಳು.

"ತಿಂಗಳಿಗೆ ಎರಡು," ಎಂದಳು.

"ಜಾಸ್ತಿ ಸೇರಿಸಿ ಹೇಳಿಲ್ಲ ಕಣೇ. ಇದೇ ನನ್ನ ಕೊನೇ ಮಾತು."

ಅಂದಮೇಲೆ ಅವನಿಗೇ ಕೇಳಿಸಿತು. ಸವೆದ ಸೋಫಾದ ಮೇಲೆ ಕೈಯಿಟ್ಟು ದಿನಾ ಆಡುತ್ತಿದ್ದ ಮಾತೇ ಅದು, ಅದೇ ದನಿ. ಅವಳ ತುಟಿಯಂಚು ಅಲುಗಿತು. ಅದರಲ್ಲಿ ಸಿಟ್ಟಿರಲಿಲ್ಲ, ಗುರುತು ಹಿಡಿದ ನಗುವಿತ್ತು.

ಎದ್ದು ಹೊರಡಲೇ ಎನಿಸಿತು. ಎದ್ದ ಕೂಡಲೇ, ಬಾಗಿಲ ತನಕ ಹೋಗಿ ವಾಪಸ್ ಬರೋದು ನಂಗೊತ್ತಿಲ್ವಾ, ಕೂತ್ಕೊಳ್ಳಿ ಎಂದಳು. ಕೂತ. ಮಗಳಿಗೆ ತಾನೇ ತಲೆ ಬಾಚುತ್ತಿದ್ದುದನ್ನು, ಖಾಲಿ ಮನೆಯಲ್ಲಿ ರೇಡಿಯೋ ಹಾಕಿಕೊಂಡೇ ಮಲಗುವುದನ್ನು ಹೇಳಲು ಹೋದ. ಕಣ್ಣು ತುಂಬಿ ಬಂತು.

"ಆ ಮುದುಕಮ್ಮನ ಬೀರು ಅಗ್ಗಕ್ಕೆ ಕೊಳ್ಳುವಾಗ್ಲೂ ಹಿಂಗೇ ಅತ್ತಿದ್ರಿ," ಎಂದಳು ಮೆಲ್ಲಗೆ.

 ಹೇಳಬಹುದಾದ ಪ್ರತಿಯೊಂದು ಮಾತನ್ನೂ ಅವನು ಅಂಗಡಿಯಲ್ಲಿ ಎಂದೋ ಯಾರಿಗೋ ಹೇಳಿ ಮುಗಿಸಿದ್ದ. ಆಯ್ತು, ತಿಂಗಳಿಗೆ ಎರಡು ಎಂದು ಒಪ್ಪಿದ. ಅಣ್ಣ ಉಸಿರುಬಿಟ್ಟು, ಮುಂದಿನ ವಾರದಿಂದ ಶುರುವಾಗಲಿ ಎಂದು ಟೀ ತರಲು ಎದ್ದು ಹೋದ.

ಅವಳು ಸೆರಗಿನ ಅಂಚು ನೋಡಿಕೊಳ್ಳುತ್ತ ಕೂತಿದ್ದಳು.

"ಒಂದ್ ವಿಷ್ಯ ಅರ್ಥ ಆಗ್ಲಿಲ್ಲ," ಎಂದಳು. "ವಾರಕ್ಕೆ ಎರಡು ದಿನ ಕೇಳ್ತೀರ ಅಂದ್ಕೊಂಡಿದ್ದೆ. ಜಗ್ಗಾಡಿ ಭಾನುವಾರಕ್ಕೆ ಇಳಿಸಿ ಕೊಟ್ಬಿಡೋಣ ಅಂತಿದ್ದೆ. ನೀವೇ ಯಾಕೆ ಅಷ್ಟು ಕೆಳಗಿಂದ ಶುರು ಮಾಡಿದ್ರಿ?"

ಹಾಗಾದರೆ ಪ್ರತಿ ಭಾನುವಾರವೇ ಇರಲಿ ಎನ್ನಲು ಅವನು ಹೊರಟ. ಆದರೆ ಕೊಟ್ಟ ಮಾತಿನಿಂದ ಹಿಂದೆ ಸರಿದರೆ ಅದೂ ಅಂಗಡಿಯವನ ಬುದ್ಧಿಯೇ ಆಗುತ್ತಿತ್ತು. 

ಒಳಕೋಣೆಯ ಬಾಗಿಲು ತೆರೆಯಿತು. ಅಪ್ಪ ಬಂದಿರುವುದು ತನ್ನನ್ನು ಕರೆದೊಯ್ಯಲು ಎಂದುಕೊಂಡು ಮಗಳು ಆಗಲೇ ಶೂ ಹಾಕಿಕೊಂಡು ನಿಂತಿದ್ದಳು. ಇವತ್ತಲ್ಲ ಪುಟ್ಟಿ ಎಂದಳು ತಾಯಿ.

ಅವನು ನೆಲದ ಮೇಲೆ ಕೂತು ಮಗಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡ. ಲೇಸನ್ನು ಅವಳೇ ಕಟ್ಟಿಕೊಂಡಿದ್ದಳು, ಗಂಟಿನ ಮೇಲೆ ಗಂಟು. ಉಗುರಿನಿಂದ ಒಂದೊಂದನ್ನೇ ಬಿಡಿಸತೊಡಗಿದ.