ಒಳಗಿನ ಕಡ್ಡಿ, ಹೊರಗಿನ ಕಡ್ಡಿ

ಕೊರಿಯರ್ ಕಂಪನಿಗಳು ಗಾಳಿಗೂ ಬಾಡಿಗೆ ಕೇಳುತ್ತವೆ ಎಂಬುದು ಈ ಕೌಂಟರಿನಲ್ಲಿ ಕೂತ ಮೇಲೆ ನನಗೆ ಗೊತ್ತಾದ ಸತ್ಯ. ಸಾಮಾನು ಎಷ್ಟೇ ಹಗುರವಿರಲಿ, ಅದು ತಿನ್ನುವ ಜಾಗಕ್ಕೆ ರೇಟು. ಸೈಕಲ್ ಚಕ್ರವೆಂದರೆ ಮುಕ್ಕಾಲು ಪಾಲು ಗಾಳಿಯೇ ತಾನೆ? ಇದನ್ನು ನಾನು ಸಬಿಹಾಳಿಗೆ ಹೇಳಬೇಕಾಗಿ ಬಂತು. ಅವಳು ಎರಡು ಹೊಸ ಚಕ್ರಗಳನ್ನು ಹಳೇ ದುಪಟ್ಟಾದಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ನನ್ನ ಝೆರಾಕ್ಸ್ ಮಷೀನಿನ ಮೇಲೆ ಇಟ್ಟಿದ್ದಳು.

"ಸಲಾಲಾಗೆ ಹೋಗ್ಬೇಕು ನೀಲಕ್ಕಾ. ಒಮಾನ್ ದೇಶ. ಎಷ್ಟಾಗುತ್ತೆ ನೋಡ್ರಿ."

ಟೇಪು ಹಿಡಿದು ಅಳೆದೆ, ಕಂಪ್ಯೂಟರಿಗೆ ಹಾಕಿದೆ. ಬಂದದ್ದನ್ನು ಬಾಯಲ್ಲಿ ಹೇಳಲಾಗದೆ ಸ್ಕ್ರೀನನ್ನೇ ಅವಳ ಕಡೆ ತಿರುಗಿಸಿದೆ.

"ಇದ್ರಲ್ಲಿ ಇಡೀ ಸೈಕಲ್ಲೇ ಬರುತ್ತಲ್ರೀ!"

"ಮೂಗಿಗಿಂತ ಮೂಗುತಿ ಭಾರ. ನನ್ನ ಯಾಕೆ ಹಂಗೆ ನೋಡ್ತೀಯ, ರೇಟು ನಾನಿಟ್ಟಿದ್ದಾ?" ಎಂದು ಗದರಿದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೆ. ಶಿಕಾರಿಪುರದಲ್ಲಿ ನೀಲಾಂಬಿಕ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಜೋರು ಬಾಯಿಯ ಝೆರಾಕ್ಸಿನವಳು ಎಂದರೆ ಅಂಗಡಿವರೆಗೂ ತಂದು ಬಿಡುತ್ತಾರೆ.

ಪಕ್ಕದ ಸೈಕಲ್ ಅಂಗಡಿ ಸಬಿಹಾಳದು. ಅವಳ ಅಪ್ಪ ವಲೀಸಾಬ್ ಇದ್ದಾಗ ಸುತ್ತಲಿನ ಹಳ್ಳಿಯವರೆಲ್ಲ ಚಕ್ರ ಕಟ್ಟಿಸಲು ಇಲ್ಲಿಗೇ ಬರುತ್ತಿದ್ದರು. ಸಾಬರಿಗೆ ಇಬ್ಬರು ಹೆಣ್ಣುಮಕ್ಕಳು, ಸಬಿಹಾ ಮತ್ತು ಕೌಸರ್. ಇಬ್ಬರನ್ನೂ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಎದುರುಬದುರು ಕೂರಿಸಿ, ನಡುವೆ ರಿಮ್ಮು ಇಟ್ಟು ಕೆಲಸ ಹಂಚುತ್ತಿದ್ದರು. ಒಳಗಿನಿಂದ ಹೊರಕ್ಕೆ ಹೋಗುವ ಸ್ಪೋಕಿನ ಕಡ್ಡಿ ಕೌಸರಳ ಪಾಲು. ಹೊರಗಿನಿಂದ ಬಂದು ಅದನ್ನು ಅಡ್ಡ ಹಾಯುವ ಕಡ್ಡಿ ಸಬಿಹಾಳ ಪಾಲು. ಒಬ್ಬಳ ಕೆಲಸ ಇನ್ನೊಬ್ಬಳು ಮುಟ್ಟುವ ಹಾಗಿರಲಿಲ್ಲ. ಹೀಗಾಗಿ ಇಬ್ಬರಿಗೂ ಅರ್ಧರ್ಧ ಚಕ್ರ ಮಾತ್ರ ಬರುತ್ತಿತ್ತು. ಮನೆಯಲ್ಲಿ ಅವರ ಮಾತು ಉರ್ದು, ಆದರೆ ಚಕ್ರದ ಮಾತು ಮಾತ್ರ ಕನ್ನಡ, ಯಾಕೆಂದರೆ ಸಾಬರು ಕಲಿಸಿದ್ದೆಲ್ಲ ಗಿರಾಕಿಗಳ ಎದುರಿಗೆ. ನಗುವುದು, ಜಗಳ ಆಡುವುದು, ಸಿನಿಮಾದ ಕಥೆ ಹೇಳುವುದು ಎಲ್ಲ ಆ ಚಕ್ರದ ಮೇಲೆಯೇ ನಡೆಯುತ್ತಿತ್ತು. ಗೋಡೆ ಈಚೆ ಕೂತು ನಾನು ಎಲ್ಲ ಕೇಳಿಸಿಕೊಂಡಿದ್ದೇನೆ.

ಕೌಸರ್ ಮದುವೆಯಾಗಿ ಸಲಾಲಾಗೆ ಹೋದಳು. ಸಬಿಹಾಳ ಮದುವೆ ಕೂಡಿಬರಲಿಲ್ಲ. ಸಾಬರು ತೀರಿಕೊಂಡ ಮೇಲೆ ಅವಳು ಕೌಸರ್ ಕೂರುತ್ತಿದ್ದ ಸ್ಟೂಲಿಗೆ ರಿಮ್ಮು ಒರಗಿಸಿ, ಇನ್ನರ್ಧವನ್ನು ತಾನೇ ತಡಕಾಡಿ ಕಲಿತಳು. ಈಗ ಯಾರು ಚಕ್ರ ಕಟ್ಟಿಸುತ್ತಾರೆ? ಪಂಕ್ಚರು, ಐಸ್‌ಕ್ರೀಂ ಗಾಡಿಯ ಚಕ್ರ, ಅಷ್ಟೇ. ದಿನವಿಡೀ ಅವಳ ಅಂಗಡಿಯಿಂದ ಮಾತಿನ ಸದ್ದೇ ಇಲ್ಲ. ತಂಗಿ ಹಬ್ಬಕ್ಕೊಮ್ಮೆ ಫೋನು ಮಾಡಿದರೆ, "ಚೆನ್ನಾಗಿದೀಯಾ", "ಚೆನ್ನಾಗಿದೀನಿ", ಮುಂದೆ ಮಾತಿಲ್ಲ. ನಡುವೆ ಚಕ್ರ ಇಲ್ಲದೆ ಮಾತಾಡುವುದು ಆ ಇಬ್ಬರಿಗೂ ಬರುವುದೇ ಇಲ್ಲ.

ಅಂಥದ್ದರಲ್ಲಿ ಕೌಸರ್ ತಾನಾಗಿ ಕೇಳಿದ್ದಳು. ಅವಳ ಗಂಡ ಮೊಯಿನ್‌ಗೆ ಅಲ್ಲಿ ಸೈಕಲ್ ಅಂಗಡಿ. ರೊಟ್ಟಿ ಹೊತ್ತು ಮಾರುವ ಹುಡುಗರ ಭಾರಕ್ಕೆ ಕಂಪನಿ ಚಕ್ರಗಳು ಬಾಗಿಹೋಗುತ್ತವಂತೆ. ಅಪ್ಪನ ಹಾಗೆ ದಪ್ಪ ಕಡ್ಡಿಯಲ್ಲಿ ಕಟ್ಟಿ ಒಂದು ಜೊತೆ ಕಳಿಸು ಆಪಾ, ಚೆನ್ನಾಗಿ ಬಂದರೆ ತಿಂಗಳು ತಿಂಗಳು ಬೇಕು ಎಂದು ಅಕ್ಕನಿಗೆ ಹೇಳಿದ್ದಳು. ಸಬಿಹಾ ಆ ಜೊತೆಯನ್ನು ಎಷ್ಟು ತಿಕ್ಕಿ ಒರೆಸಿದ್ದಳೆಂದರೆ ಅದರಲ್ಲಿ ಮುಖ ಕಾಣುತ್ತಿತ್ತು.

ಅಗ್ಗದ ದಾರಿ ಹುಡುಕಿಕೊಟ್ಟವಳು ನಾನೇ. ಸಲಾಲಾದಲ್ಲೇ ಕೆಲಸಕ್ಕಿರುವ ಸೊರಬದ ಉಮೇರ್ ಎಂಬ ಹುಡುಗ ರಜೆ ಮುಗಿಸಿ ವಾಪಸ್ ಹೊರಟಿದ್ದಾನೆಂದು ನನ್ನ ತವರೂರು ಕುಪ್ಪಗಡ್ಡೆಯಿಂದ ಸುದ್ದಿ ಬಂದಿತ್ತು. ಸೂಟ್‌ಕೇಸಿನಲ್ಲಿ ಇಡೀ ಚಕ್ರ ಹಿಡಿಯುವುದಿಲ್ಲ. ಚಕ್ರದ ನಡುವಿನ ಹಬ್ಬನ್ನೂ ಕಡ್ಡಿಗಳನ್ನೂ ಬಿಚ್ಚಿ ಕಳಿಸಿದರೆ ಒಂದು ಸೀರೆಯಷ್ಟು ಜಾಗ. ರಿಮ್ಮು ಅಲ್ಲೇ ಸಿಗುತ್ತದೆ.

"ಕಟ್ಟಿದ ಚಕ್ರ ಬಿಚ್ಚೋದಾ?" ಎಂದಳು ಸಬಿಹಾ. "ಅಪ್ಪ ಇದ್ದಿದ್ರೆ ಬೈತಿದ್ರು."

"ಅಪ್ಪ ಇದ್ದಿದ್ರೆ ಕೊರಿಯರಿನವರಿಗೂ ಬೈತಿದ್ರು. ಬಿಚ್ಚು."

"ಮತ್ತೆ ಕಟ್ಟೋರ್ಯಾರು? ಅವಳಿಗೆ ಅರ್ಧಾನೇ ಬರೋದು."

"ಫೋನಲ್ಲಿ ಹೇಳಿಕೊಡು."

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಸಂಜೆಯೊಳಗೆ ಎರಡೂ ಚಕ್ರ ಬಿಚ್ಚಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು.

ಮರುದಿನ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಇಬ್ಬರೂ ಸೊರಬಕ್ಕೆ ಹೋದೆವು. ಉಮೇರ್ ಗಂಟನ್ನು ತೂಗಿ ನೋಡಿ, "ಎಂತದ್ರೀ ಇದು, ಗುಜರಿ ಅಂಗಡಿ ಇಡಕ್ಕೆ ಹೊರಟಿದೀನಾ ನಾನು?" ಎಂದು ಗೊಣಗಿದ. ಅವನ ಅಮ್ಮ ಖುರ್ಷೀದ್ ಬೀ ಎರಡು ಜೊತೆ ಪ್ಯಾಂಟು ತೆಗೆದು ಹಾಕಿ ಜಾಗ ಮಾಡಿಕೊಟ್ಟಳು. ವಾಪಸ್ ಬರುವಾಗ ಬಸ್ಸಿನಲ್ಲಿ ಸಬಿಹಾ ನನಗೆ ಕೌಸರಳ ವಿಷಯ ಬಿಟ್ಟು ಬೇರೇನೂ ಹೇಳಲಿಲ್ಲ. ನನಗೆ ಅಸೂಯೆಯಾಯಿತು. ಫೋನು ಮಾಡುವ ತಂಗಿ ನನಗಿಲ್ಲ. ನನಗೆ ಮಾಡುವವರು ಲೋನ್ ಬೇಕಾ ಮೇಡಂ ಅನ್ನುವವರು ಮಾತ್ರ.

ಸಬಿಹಾಳ ಫೋನಿಗೆ ಬರೀ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ. ಹಾಗಾಗಿ ಅಲ್ಲಿ ನಡೆಯುವ ಯಾವುದೋ ಆ್ಯಪನ್ನು ನನ್ನ ಫೋನಿಗೆ ಹಾಕಿಸಿದೆವು. ಸಲಾಲಾದಲ್ಲಿ ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಇಲ್ಲಿ ನಮ್ಮ ಊಟ ಮುಗಿದಿರುತ್ತದೆ. ಸಬಿಹಾ ಕೈ ತೊಳೆದು ಬರುವಳು. ನಾನು ಫೋನನ್ನು ಝೆರಾಕ್ಸ್ ಮಷೀನಿಗೆ ಒರಗಿಸಿ ಇಡುವೆನು. ಅಲ್ಲಿ ಕೌಸರ್ ರಿಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವಳು.

"ಹಿಂದಿನ ಕಡ್ಡಿ ಮೇಲೆ ಹಾಯಿಸು. ಮೇಲೆ, ಮೇಲೆ. ಆಮೇಲೆ ಒಳಗಡೆ ತೂರಿಸು," ಎಂದು ಇವಳು.

"ಇದು ನಿನ್ನ ಪಾಲಿನ ಕೆಲಸ ಆಪಾ, ನಂಗೆ ಬರಲ್ಲ!" ಎಂದು ಅವಳು.

ಕಡ್ಡಿಗಳ ನಡುವೆ ಮಾತು ತಾನಾಗಿ ಬರತೊಡಗಿತು. ಸಾಬರು ಬೀಡಿ ಬಚ್ಚಿಡುತ್ತಿದ್ದ ಜಾಗ, ಕೌಸರಳ ಅತ್ತೆಯ ಗೊರಕೆ, ಅಲ್ಲಿ ಸಿಗದ ಕೊತ್ತಂಬರಿ. ನಾನು ಝೆರಾಕ್ಸ್ ತೆಗೆಯುವ ನೆಪದಲ್ಲಿ ಅಲ್ಲೇ ನಿಂತು ನಗುತ್ತಿದ್ದೆ. ಗಿರಾಕಿ ಬಂದರೆ ಸಿಡುಕುತ್ತಿದ್ದೆ.

ಕೊನೆಗೊಂದು ದಿನ ಕಡ್ಡಿಗಳೆಲ್ಲ ತುಂಬಿದವು. ಕೌಸರ್ ಚಕ್ರವನ್ನು ಎತ್ತಿ ಹಿಡಿದಳು. "ಸರಿ ಇದೆಯಾ?"

ಸಬಿಹಾ ಸ್ಕ್ರೀನಿಗೆ ಮುಖ ತಾಗಿಸುವಷ್ಟು ಬಗ್ಗಿ ನೋಡಿದಳು. "ಇಲ್ಲ. ಒಂದು ತೂತು ತಪ್ಪಿದೆ. ಬಿಚ್ಚು."

ಮತ್ತೆ ಮೊದಲಿಂದ ಶುರುವಾಯಿತು. ಮತ್ತೆ ತುಂಬಿತು. ಮತ್ತೆ "ಬಿಚ್ಚು" ಎಂದಳು. ಮುಂದಿನ ವಾರವೂ ಅದೇ ಆಯಿತು. ಪಾಪ ಕೌಸರ್ ದಡ್ಡಿ ಎಂದೇ ನಾನು ತಿಳಿದಿದ್ದೆ. ಆದರೆ ಒಂದು ಮಧ್ಯಾಹ್ನ ಯಾಕೋ ಅನುಮಾನ ಬಂದು, ಸಬಿಹಾಳ ಅಂಗಡಿಯ ಗೋಡೆಗೆ ನೇತುಹಾಕಿದ್ದ ಸಾಬರ ಕಾಲದ ಚಕ್ರ ತಂದು ಫೋನಿನ ಪಕ್ಕದಲ್ಲಿ ಹಿಡಿದು ನೋಡಿದೆ. ಕಡ್ಡಿಗೆ ಕಡ್ಡಿ ಒಂದೇ ಥರ ಇತ್ತು. ಕರೆ ಮುಗಿಯುವವರೆಗೆ ಬಾಯಿ ಬಿಗಿಹಿಡಿದಿದ್ದೆ.

"ಏ ಸಬಿಹಾ, ಅದು ಸರಿ ಇತ್ತಲ್ಲೇ! ಯಾಕೆ ಸುಳ್ಳು ಹೇಳಿ ಸಾಯಿಸ್ತೀಯ ಅವಳನ್ನ?"

ಅವಳು ತಲೆ ಎತ್ತಲಿಲ್ಲ. ನಾನು ತಂದಿದ್ದ ಚಕ್ರವನ್ನು ಎತ್ತಿಕೊಂಡಳು.

"ಸರಿ ಇದೆ ಅಂದ್ರೆ ನಾಳೆಯಿಂದ ಯಾಕೆ ಫೋನ್ ಮಾಡ್ತಾಳೆ ನೀಲಕ್ಕಾ?"

ಅವಳು ಹೋಗಿ ಚಕ್ರವನ್ನು ಮೊಳೆಗೆ ನೇತುಹಾಕಿದ್ದು ಗೋಡೆ ಈಚೆಗೆ ಕೇಳಿಸಿತು.

ಮರುದಿನ ಫೋನಿನಲ್ಲಿ ಮೊದಲು ಕಂಡದ್ದು ಮೊಯಿನ್. ಗಿರಾಕಿಗಳು ಕಾದು ಸಾಕಾಗಿದ್ದಾರೆ, ಈ ಕೈಯಲ್ಲಿ ಕಟ್ಟುವ ಚಕ್ರದ ಸಹವಾಸ ಬೇಡ, ಕಂಪನಿ ಚಕ್ರವನ್ನೇ ತರಿಸುತ್ತೇನೆ ಎಂದು ಒಳ್ಳೆ ಮಾತಿನಲ್ಲೇ ಹೇಳಿದ. ಆಮೇಲೆ ಕೌಸರ್ ಬಂದಳು. ಕಣ್ಣು ಕೆಂಪಾಗಿತ್ತು. ಚಕ್ರ ಎತ್ತಿ ಹಿಡಿದಳು. ಈ ಸಲ ಸರಿ ಇದೆಯಾ ಎಂದು ಕೇಳಲೂ ಇಲ್ಲ.

ಸಬಿಹಾ ಬಹಳ ಹೊತ್ತು ನೋಡಿದಳು. ನಾನು ಅವಳ ಭುಜದ ಮೇಲೆ ಕೈ ಇಟ್ಟೆ.

"ಸರಿ ಇದೆ," ಎಂದಳು. "ಅಪ್ಪ ಕಟ್ಟಿದಂಗೇ ಇದೆ. ಬೆಂಡ್ ತೆಗೆದು ಸೈಕಲ್ಲಿಗೆ ಹಾಕು."

ಕೌಸರ್ ಅಳುತ್ತಾ ನಕ್ಕಳು. ಗಂಡನನ್ನು ಕೂಗಿ ಕರೆದಳು. ಚಕ್ರ ತಿರುಗಿಸಿ ತೋರಿಸಿದಳು. ಅವನು ಒತ್ತಿ ನೋಡಿ, ಹಾಗಾದರೆ ಇದೇ ಇರಲಿ ಎಂದ. ಸಬಿಹಾಳೂ ನಕ್ಕಳು.

"ಇನ್ನೊಂದು ಚಕ್ರದ ಕಡ್ಡಿ ಇನ್ನೂ ಗಂಟಿನಲ್ಲೇ ಇದೆಯಲ್ಲ ಕೌಸರ್," ಎಂದಳು. ಅವಳ ದನಿಯಲ್ಲಿದ್ದ ಆಸೆ ನನಗೆ ಅರ್ಥವಾಯಿತು. "ನಾಳೆಯಿಂದ ಅದು ಶುರು ಮಾಡೋಣ."

"ಅಯ್ಯೋ ಬೇಡ ಆಪಾ! ನಿನ್ನ ಮಧ್ಯಾಹ್ನ ಎಲ್ಲ ನಾನೇ ತಿಂದೆ, ಪಾಪ. ಅಷ್ಟು ಸಲ ಬಿಚ್ಚಿಸಿದೆಯಲ್ಲ, ಈಗ ಕಣ್ಣು ಮುಚ್ಕೊಂಡು ಕಟ್ತೀನಿ. ಮುಂದಿನದಕ್ಕೆ ನೀನು ಏನೂ ಕಳಿಸೋದು ಬೇಡ. ದಪ್ಪ ಕಡ್ಡಿ ಇವರು ದುಬೈಯಿಂದ ತರಿಸ್ತಾರಂತೆ. ಕಳಿಸೋ ಖರ್ಚೂ ಇಲ್ಲ, ನಿಂಗೆ ತೊಂದರೇನೂ ಇಲ್ಲ."

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಎಂದರೆ ಇದೇ. ಬಿಚ್ಚಿಸಿ ಬಿಚ್ಚಿಸಿ, ಹೊರಗಿನ ಕಡ್ಡಿಯನ್ನೂ ತಂಗಿಗೇ ಕೊಟ್ಟುಬಿಟ್ಟಿದ್ದಳು.

"ಒಳ್ಳೇದಾಯ್ತು," ಎಂದಳು ಸಬಿಹಾ. "ಚೆನ್ನಾಗಿದೀಯಾ?"

"ಚೆನ್ನಾಗಿದೀನಿ. ನೀನು?"

"ಚೆನ್ನಾಗಿದೀನಿ."

ಮಾತು ಮುಗಿಯಿತು. ಸ್ಟೂಲ್ ತಂದು ಎದುರಿಗೆ ನಾನೇ ಕೂರಲೇ, ನನಗೂ ಕಲಿಸು ಎಂದೆ. ಅವಳು ನನ್ನ ಸೀರೆ ನೋಡಿ, "ಗ್ರೀಸ್ ಆಗುತ್ತೆ ಬಿಡ್ರಿ ನೀಲಕ್ಕಾ" ಎಂದು ಎದ್ದು ಹೋದಳು.

ಮರುದಿನ ಊಟವಾದ ಮೇಲೆ ಅವಳು ಎಂದಿನಂತೆ ಕೈ ತೊಳೆದುಕೊಂಡು ಬಂದು ನಿಂತಳು. ಬಂದ ಮೇಲೆ ನೆನಪಾಯಿತೇನೋ, ವಾಪಸ್ ಹೋಗಲು ತಿರುಗಿದಳು. ನಾನು ಕೂರು ಎಂದು ಗದರಿದೆ. ಫೋನನ್ನು ಝೆರಾಕ್ಸ್ ಮಷೀನಿಗೆ ಒರಗಿಸಿ ಇಟ್ಟೆ. ಇಬ್ಬರೂ ಅದರ ಎದುರಿಗೆ ಕೂತೆವು.

ಒಮ್ಮೆ ಫೋನು ರಿಂಗಾಯಿತು. ಸಬಿಹಾ ಥಟ್ಟನೆ ಮುಂದಕ್ಕೆ ಬಗ್ಗಿದಳು. ಲೋನ್ ಬೇಕಾ ಮೇಡಂ ಅನ್ನುವವರು.